ಬಿಣಗಾ ಘಟ್ಟದಲ್ಲಿ ಸಿಕ್ಕಿಬಿದ್ದ ಕವಿತೆ

ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿದ ನನ್ನ ಏಕೈಕ ಸಂಕಲನದ ಕಟ್ಟುಗಳು ಅಂಕೋಲೆಯ ಮನೆಯ ಅಟ್ಟದಲ್ಲಿವೆ. ಮದುವೆ, ಗೃಹಪ್ರವೇಶಕ್ಕೆ ಕರೆದವರಿಗೆಲ್ಲ ಅದನ್ನೇ ಉಡುಗೊರೆ ಕೊಟ್ಟೆ. ಬರಬರುತ್ತ ಕರೆಯುವವರೇ ಕಡಿಮೆಯಾದರು. ಈಗ ನನ್ನಾಕೆ ಆ ಕಟ್ಟುಗಳ ಮೇಲೆ ಕರಿ ಇಶಾಡು ಮಾವು ಹಣ್ಣಿಗಿಡುತ್ತಾಳೆ. ಬೇಸಿಗೆಯಲ್ಲಾದರೂ ನನ್ನ ಕಾವ್ಯಕ್ಕೊಂದು ಪರಿಮಳ.

1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಾಗ ಕಂಪ್ಯೂಟರಿನಲ್ಲೂ ಕನ್ನಡ ಮೂಡಿತೆಂದು ಕುಣಿದಿದ್ದೆವು. ಆದರೆ ನಾನು ಕಳಿಸಿದ ಕವಿತೆ, ಆ ಫಾಂಟು ಇಲ್ಲದವರ ಪರದೆಯ ಮೇಲೆ ಬರೀ ಚುಕ್ಕಿ, ಗೀಟು, ಕೊಂಬುಗಳಾಗಿ ಇಳಿಯುತ್ತಿತ್ತು. ಯೂನಿಕೋಡಿನಿಂದ ಆ ಕಾಟ ತಪ್ಪಿತು. ಫೋನು ಬಂದ ಮೇಲಂತೂ ಸಂಪಾದಕರ ಕಾಟವೂ ತಪ್ಪಿತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮರಿಮೀನು ಬೆಳೆಯಲಿ ಎಂದು. ಕವಿಗಳಿಗೆ ಅಂಥ ನಿಷೇಧವಿಲ್ಲ. ಮೊದಲ ಮಳೆ ಬಿದ್ದದ್ದೇ ವಾಟ್ಸಾಪಿನಲ್ಲಿ ಬಲೆ ಬೀಸುತ್ತೇವೆ, ಮರಿಗಳನ್ನೇ ಬಾಚುತ್ತೇವೆ.

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರು. ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ 1883ರಲ್ಲಿ ಬಂದಿದ್ದರು, ಇಪ್ಪತ್ತೆರಡರ ಹುಡುಗ. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿ ಪ್ರಯಾಣ ಮುಗಿಸಿ, ಮರಳ ಮೇಲೆ ನಡೆದು ಮನೆ ಸೇರಿ, ಸರಿಹೊತ್ತಿನಲ್ಲಿ ಕವಿತೆ ಬರೆದರಂತೆ. ಆಮೇಲೆ ಆತ್ಮಕಥೆಯಲ್ಲಿ ಅವರೇ ಅನುಮಾನ ಪಟ್ಟಿದ್ದಾರೆ: ಭಾವಕ್ಕೆ ತೀರಾ ಹತ್ತಿರ ಕೂತು ಬರೆದರೆ ಕಾವ್ಯ ಚೆನ್ನಾಗಿಯೇ ಬರುತ್ತದೆಂದಿಲ್ಲ. ಪುಣ್ಯಾತ್ಮರ ಕೈಯಲ್ಲಿ ಫೋನಿರಲಿಲ್ಲ.

ನನ್ನ ಕೈಯಲ್ಲಿತ್ತು. ಮೊನ್ನೆ ಅದೇ ಕಾಳಿಯ ದಡದಲ್ಲಿ ನಾಲ್ಕೇ ನಿಮಿಷದಲ್ಲಿ ಇಪ್ಪತ್ತೆಂಟು ಸಾಲು ಬರೆದು, ಅಂಕೋಲೆ ಬಸ್ಸು ಹತ್ತಿ ‘ಕಳಿಸು’ ಒತ್ತಿದೆ. ಬಿಣಗಾ ಘಟ್ಟದಲ್ಲಿ ನೆಟ್‌ವರ್ಕ್ ಹೋಯಿತು. ಚಕ್ರ ಸುತ್ತುತ್ತಲೇ ಇತ್ತು. ಬೇರೆ ಕೆಲಸವಿಲ್ಲದೆ ಓದಿದೆ. ‘ಓ ಕಾಳಿಯೇ’ ಎಂಬುದು ಮೂರು ಕಡೆ ಇತ್ತು. ಕಳಿಸುವುದನ್ನು ನಿಲ್ಲಿಸಿ, ಅಮದಳ್ಳಿ ಬರುವಷ್ಟರಲ್ಲಿ ಮೂರನ್ನೂ ತೆಗೆದೆ. ಅವರ್ಸಾದಲ್ಲಿ ಚಂದ್ರ ಹೋದ. ಹಟ್ಟಿಕೇರಿಯಲ್ಲಿ ನನ್ನ ಒಂಟಿತನವೂ ಇಳಿದುಹೋಯಿತು, ಪಾಪ, ಇಡೀ ಬಸ್ಸು ತುಂಬಿತ್ತು. ಅಂಕೋಲೆ ಮುಟ್ಟಿದಾಗ ಉಳಿದದ್ದು ನಾಲ್ಕು ಸಾಲು. ಇದೇ ತಾಲೂಕಿನ ದಿನಕರ ದೇಸಾಯಿಯವರು ನಾಲ್ಕು ಸಾಲಿನ ಚೌಪದಿಯಲ್ಲೇ ಲೋಕವನ್ನೆಲ್ಲ ಚಿವುಟಿದರು. ನನ್ನ ನಾಲ್ಕು ಸಾಲು ಯಾರನ್ನೂ ಚಿವುಟಲಿಲ್ಲ, ಆದರೂ ಅದರಲ್ಲಿ ಕಾಳಿಯ ನೀರು ಸ್ವಲ್ಪ ಇತ್ತು ಎಂದು ನನಗನ್ನಿಸಿತು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕಳಿಸಿದೆ.

ಮನೆ ಮುಟ್ಟುವ ಮೊದಲೇ ಉತ್ತರ ಬಂತು. ಗಡಿಬಿಡಿಯಲ್ಲಿ ಕವಿತೆ ಮೀನು ದರದ ವಾಟ್ಸಾಪ್ ಗುಂಪಿಗೆ ಹೋಗಿತ್ತು.

‘ಓದಿದೆ ಮಾರಾಯ್ರೆ, ಚಂದ ಉಂಟು. ಬಂಗಡೆ ಎಷ್ಟಕ್ಕೆ?’