ಹಳ್ಳ ಬಂತು, ಕ್ಯಾನು ಚೆಲ್ಲು!

ಪಾದ ಮುಳುಗುವಷ್ಟೇ ಇದ್ದ ತಿಳಿನೀರು ಕಣ್ಣೆದುರೇ ಕೆಂಪಾಯಿತು. ಹಿಂದೆಯೇ ಒಣ ಎಲೆ, ಬಿದಿರುಕಡ್ಡಿ, ನೊರೆ. ಜಗಳೂರು ಸೀಮೆಯವರಿಗೆ ಹಳ್ಳವೆಂದರೆ ಮರಳು. ಈ ಗುರುತುಗಳೆಲ್ಲ ನಮಗೇನು ಗೊತ್ತು?

“ಹಳ್ಳ ಬಂತು! ದಂಡಿಗೆ ಹತ್ರೋ!”

ಯಾರೋ ಹೆಂಗಸಿನ ಕೂಗು. ನಾನು ಹಾರಿ ಬೇರು ಹಿಡಿದೆ. ಚಿಕ್ಕಪ್ಪ ಇನ್ನೂ ನಡುಹಳ್ಳದಲ್ಲಿ, ಎದೆಗವಚಿದ ತೀರ್ಥದ ಕ್ಯಾನಿನೊಂದಿಗೆ. ತಿರುವಿನಾಚೆ ಲಾರಿ ಬಂದಂಥ ಸದ್ದು. ಅವನು ಬಂಡೆಯೊಂದನ್ನು ಏರುವಷ್ಟರಲ್ಲಿ ನೀರು ಸೊಂಟದೆತ್ತರ ನುಗ್ಗಿತು.

ನಮ್ಮ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಸ್ವಾತಿ ಮಳೆ ಮೇಲಿನ ಗುಡ್ಡದಲ್ಲಿ ಸುರಿದಿತ್ತು.

ಕಾರ್ತಿಕ ಸೋಮವಾರವೆಂದು ನ್ಯಾಮತಿ ತಾಲ್ಲೂಕಿನ ಬೆಳಗುತ್ತಿ ಬಳಿಯ ತೀರ್ಥರಾಮೇಶ್ವರಕ್ಕೆ ಬಂದಿದ್ದೆವು. ಅಲ್ಲಿ ಗುಡ್ಡದೊಳಗಿಂದ ವರ್ಷವಿಡೀ ನೀರು ಬರುತ್ತದೆ. ರಾಮನ ಬಾಣದಿಂದ ಚಿಮ್ಮಿದ್ದು ಎನ್ನುವವರಿದ್ದಾರೆ, ಕಾಶಿಯಿಂದ ಬರುವುದು ಎನ್ನುವವರೂ ಇದ್ದಾರೆ. ಗುಡ್ಡ ಕುಡಿದ ಮಳೆ ಬಂಡೆಯ ಬಿರುಕುಗಳಲ್ಲಿ ನಿಧಾನಕ್ಕೆ ಇಳಿದು ಬಂದರೆ ತೀರ್ಥ. ಕುಡಿಯದೆ ಬಿಟ್ಟದ್ದು ಒಮ್ಮೆಲೇ ಉರುಳಿದರೆ ಈ ಹಳ್ಳ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚಿತ್ರದುರ್ಗದ ಜಗಳೂರು, ಆಗ ನ್ಯಾಮತಿಯೂ ಸೇರಿದ್ದ ಶಿವಮೊಗ್ಗದ ಹೊನ್ನಾಳಿ, ಚನ್ನಗಿರಿ ಒಂದೇ ಸೂರಿನಡಿ ಬಂದವು. ಮಳೆ ಮಾತ್ರ ಒಂದಾಗಲಿಲ್ಲ. ಅದು ಗೊತ್ತಿದ್ದೂ ಟಾರು ರಸ್ತೆ ಬಿಟ್ಟು ಒಳದಾರಿ ಹಿಡಿದಿದ್ದೆವು.

ಕೂಗಿದವಳು ತಾಂಡಾದ ಮುದುಕಿ. ತಲೆಯ ಸೌದೆ ಹೊರೆ ಕೆಡವಿ, ಹಗ್ಗ ಬಿಚ್ಚಿ, ಬಂಡೆಗಿಂತ ಮೇಲಿದ್ದ ಮತ್ತಿ ಮರಕ್ಕೆ ಬಿಗಿದಳು. ಉದ್ದ ಸಾಲಲಿಲ್ಲ. “ಪಂಚೆ ಬಿಚ್ಚೋ!” ಎಂದಳು. ಬಿಚ್ಚಿದೆ. ಪಂಚೆಯನ್ನು ಹಗ್ಗಕ್ಕೆ ಗಂಟು ಹಾಕಿ, ತುದಿಗೊಂದು ಸೌದೆ ತುಂಡು ಕಟ್ಟಿ ಹೊಳೆಯ ಪಾಲು ಮಾಡಿದಳು. ನೀರೇ ಅದನ್ನು ಬಂಡೆಗೆ ಮುಟ್ಟಿಸಿತು.

“ಹಿಡಕೊಂಡು ಬಂಡೆ ಬಿಡು, ತಮ್ಮಾ! ಎಳೀಬ್ಯಾಡ. ನೀರೇ ದಂಡಿಗೆ ತರ್ತದೆ!”

ಚಿಕ್ಕಪ್ಪ ಒಂದೇ ಕೈಯಲ್ಲಿ ಹಿಡಿದ. ಇನ್ನೊಂದರಲ್ಲಿ ಹತ್ತು ಲೀಟರ್ ಕ್ಯಾನು. ಟ್ಯಾಂಕರಿಗೆ ಸಾಲು ನಿಂತು ಬೆಳೆದವನು, ನೀರು ಬಿಟ್ಟಾನೆಯೇ?

“ಕ್ಯಾನು ಚೆಲ್ಲೋ, ಹುಚ್ಚಪ್ಪಾ!”

“ತೀರ್ಥ, ಅವ್ವಾ!”

“ಚೆಲ್ಲಿ ಮುಚ್ಚಳ ಹಾಕು! ಬುಂಡೆ ಆಗ್ತದೆ, ತೇಲಿಸ್ತದೆ!”

ನೀರು ಅವನ ಮೊಣಕಾಲಿಗೆ ಬಂತು. ಹಲ್ಲಿನಿಂದ ಮುಚ್ಚಳ ತಿರುವಿದ. ಗಳಗಳ ತೀರ್ಥ ಹಳ್ಳ ಸೇರಿತು. ಮುಚ್ಚಳ ಬಿಗಿದು, ಕ್ಯಾನನ್ನು ಕಂಕುಳಿಗೆ ಒತ್ತಿ, ಪಂಚೆಯನ್ನು ಮುಂಗೈಗೆ ಸುತ್ತಿಕೊಂಡು ಹಾರಿದ. ಮುಳುಗಿದ. ಎದ್ದ. ಮತ್ತೆ ಮುಳುಗಿದ. ಹಗ್ಗ ಸೆಟೆದು ಮತ್ತಿ ಮರದ ತೊಗಟೆ ಕಿತ್ತು ಬಂತು. ನಾನು ಎಳೆಯಲು ಓಡಿದರೆ ಮುದುಕಿ ಕೈ ಮೇಲೆ ಹೊಡೆದಳು. ರಭಸ ಅವನನ್ನು ಓರೆಯಾಗಿ ತಳ್ಳಿ, ತಳ್ಳಿ, ಕೊನೆಗೆ ಕೆಳಗಿನ ಬಿದಿರು ಮೆಳೆಗೆ ಒರಗಿಸಿತು. ಮುಳ್ಳು ಲೆಕ್ಕಿಸದೆ ನುಗ್ಗಿ ರಟ್ಟೆ ಹಿಡಿದು ಎಳೆದೆ.

ಕೆಮ್ಮಿ, ಕಾರಿ, ಕಣ್ಣು ಬಿಟ್ಟವನು ಮೊದಲು ಕ್ಯಾನು ಅಲ್ಲಾಡಿಸಿ ನೋಡಿದ.

“ತಿರುಗಿ ಗುಡ್ಡಕ್ಕೆ ಹೋಗಿ ತುಂಬಿಸ್ಕೊಂಡು ಬರ್ತೀನಿ.”

“ನಾಳೆ ಹೋಗು,” ಮುದುಕಿ ಹಗ್ಗ ಹಿಂಡುತ್ತ ಗದರಿದಳು. “ಆ ನೀರು ಬ್ಯಾಸಿಗ್ಯಾಗೂ ಎಲ್ಲಿಗೂ ಹೋಗಲ್ಲ. ಈ ಹಳ್ಳ ನಾಳೆ ಬೆಳಿಗ್ಗೆ ಇರಲ್ಲ. ಯಾವುದಕ್ಕೆ ಅವಸರ ಮಾಡಬೇಕು, ಯಾವುದಕ್ಕೆ ಕಾಯಬೇಕು, ಅಷ್ಟೂ ತಿಳಿಯಲ್ವಾ?”