ಕಿಟಕಿ ಮೇಲಿನ ಲೋಟ

ಮೊನ್ನೆ ಶುಕ್ರವಾರ ಆಫೀಸಿನಿಂದ ಮೇಲ್ ಬಂತು. ಡೈವರ್ಸಿಟಿ ಟ್ರೈನಿಂಗ್ ಮುಗಿಸದವರು ಸಂಜೆಯೊಳಗೆ ಮುಗಿಸಬೇಕಂತೆ. ಜೆ.ಪಿ. ನಗರದ ಮನೆಯಲ್ಲೇ ಕೂತು ಒಂದು ಕಡೆ ವಿಡಿಯೋ ಓಡಿಸ್ತಾ, ಇನ್ನೊಂದು ಕಡೆ ಕೋಡ್ ಬರೀತಾ ಇದ್ದೆ.

ಕಂಪನಿಗಳು ಇದನ್ನೆಲ್ಲ ಯಾಕೆ ಮಾಡಿಸ್ತವೆ? ನಮ್ಮ ಟೀಮಿನಲ್ಲಿ ಎಲ್ಲರ ಉತ್ತರ ಒಂದೇ: "ನಾಳೆ ಕೇಸ್ ಬಿದ್ರೆ ತೋರಿಸೋಕೆ." ಪೂರ್ತಿ ಸುಳ್ಳೇನಲ್ಲ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ಸಿಬ್ಬಂದಿಗೆ ಆಗಾಗ ತಿಳಿವಳಿಕೆ ಕೊಡಲೇಬೇಕು ಅನ್ನುತ್ತೆ. ಹೆಸರು ಕೆಡುವ ಭಯವೂ ಉಂಟು. 2018ರಲ್ಲಿ ಫಿಲಡೆಲ್ಫಿಯಾದ ಸ್ಟಾರ್‌ಬಕ್ಸ್‌ನಲ್ಲಿ ಸುಮ್ಮನೆ ಕಾಯ್ತಾ ಕೂತಿದ್ದ ಇಬ್ಬರು ಕಪ್ಪು ಜನಾಂಗದ ಯುವಕರನ್ನು ಪೊಲೀಸರು ಹಿಡಿದೊಯ್ದಿದ್ದರು. ದೊಡ್ಡ ಗಲಾಟೆಯಾಗಿ, ಆ ಕಂಪನಿ ಅಮೆರಿಕದ ಸುಮಾರು 8,000 ಅಂಗಡಿಗಳನ್ನು ಒಂದು ಮಧ್ಯಾಹ್ನ ಮುಚ್ಚಿ ಟ್ರೈನಿಂಗ್ ಕೊಟ್ಟಿತು.

ಆದ್ರೆ ಭಯಕ್ಕೆ ಮಾಡಿದ್ದೂ ಕೆಲವೊಮ್ಮೆ ಉಪಯೋಗಕ್ಕೆ ಬರುತ್ತೆ. ನಾನು ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದ ಕಾಲಕ್ಕೆ, ಹಾಸನದ ಹಳ್ಳಿಯ ನನ್ನ ಇಂಗ್ಲಿಷಿನಲ್ಲಿ 'ಹ' ಬರಬೇಕಾದಲ್ಲಿ 'ಅ' ಬರ್ತಿತ್ತು. ಮೀಟಿಂಗಿನಲ್ಲಿ ಮುಸಿಮುಸಿ ನಗ್ತಿದ್ರು. ಇಂಥದ್ದೇ ಟ್ರೈನಿಂಗ್ ಮುಗಿಸಿ ಬಂದ ಮ್ಯಾನೇಜರ್ ಒಬ್ಬರು ಒಂದಿನ "ಮೊದಲು ಅವರು ಹೇಳೋದು ಮುಗೀಲಿ" ಅಂದ್ರು. ಅವತ್ತಿಂದ ನಾನು ಬಾಯಿ ಬಿಡೋಕೆ ಶುರು ಮಾಡಿದೆ. ಹಾಗಾಗಿ ಈ ಟ್ರೈನಿಂಗ್ ಏನಿದ್ದರೂ ನನ್ನಂಥವರನ್ನು ಕಾಪಾಡೋಕೆ, ತಿದ್ದಿಕೊಳ್ಳಬೇಕಾದವರು ಬೇರೆಯವರು ಅಂತಲೇ ನಂಬಿದ್ದೆ.

ಈ ಸಲ ಒಂದು ಹೊಸ ಸ್ಲೈಡ್ ಇತ್ತು: ಜಾತಿ. ದಲಿತ ಎಂಜಿನಿಯರ್ ಒಬ್ಬರಿಗೆ ಭಾರತೀಯ ಮೂಲದ ಮೇಲಿನವರೇ ತಾರತಮ್ಯ ಮಾಡಿದರೆಂದು ಆರೋಪಿಸಿ ಕ್ಯಾಲಿಫೋರ್ನಿಯಾ ರಾಜ್ಯ 2020ರಲ್ಲಿ ಸಿಸ್ಕೊ ಮೇಲೆ ಕೇಸ್ ಹಾಕಿತ್ತು. ಕಂಪನಿ ಆರೋಪ ಒಪ್ಪಲಿಲ್ಲ. ಆ ಇಬ್ಬರ ಮೇಲಿನ ಕೇಸನ್ನು 2023ರಲ್ಲಿ ಕೈಬಿಟ್ಟರು. ಜಾತಿ ವಿಷಯ ನಮಗೆ ಹೇಳಿಕೊಡೋಕೆ ಕ್ಯಾಲಿಫೋರ್ನಿಯಾ ಸುತ್ತಿ ಬರಬೇಕಾಯ್ತಲ್ಲ ಅಂತ ನಗು ಬಂತು. ಕೊನೆಯ ಕ್ವಿಜ್‌ನಲ್ಲಿ ಹತ್ತಕ್ಕೆ ಹತ್ತು. ಸರ್ಟಿಫಿಕೇಟೂ ಬಂತು.

ಕಾಫಿಗೆ ಅಂತ ಅಡುಗೆಮನೆಗೆ ಹೋದೆ. ಮನೆಕೆಲಸದ ಅಕ್ಕ ಪಾತ್ರೆ ತೊಳೆದು, ಹಿಂದಿನ ಕಿಟಕಿ ಮೇಲಿದ್ದ ಸ್ಟೀಲ್ ಲೋಟ ತಾವೇ ತಗೊಂಡು ಕಾಫಿಗೆ ಹಿಡಿದರು.

ಆ ಲೋಟ ಅಲ್ಲಿ ಮೂರು ವರ್ಷದಿಂದ ಇದೆ. ಊರಿಂದ ಬಂದಾಗ ಅವ್ವ ಇಟ್ಟಿದ್ದು. ಊರಲ್ಲಿ ಕೂಲಿಗೆ ಬರೋರ ಲೋಟ ಕೊಟ್ಟಿಗೆ ಸೂರಿನಲ್ಲಿ ಸಿಕ್ಕಿಸಿರ್ತಿತ್ತು. ಅದನ್ನ ನೋಡ್ತಾನೇ ಬೆಳೆದ ನನಗೆ ಇದು ಕಾಣಿಸಲೇ ಇಲ್ಲ.

"ಅಕ್ಕಾ, ಇದರಲ್ಲಿ ಕುಡೀರಿ" ಅಂತ ಶೆಲ್ಫಿನ ಲೋಟ ಕೊಡಹೋದೆ.

"ಬ್ಯಾಡ ಬಿಡಿ ಸಾರ್, ನಂದು ಐತಲ್ಲ."

ರಾತ್ರಿ ಆ ಲೋಟ ತಂದು ನಮ್ಮ ಲೋಟಗಳ ಜೊತೆ ಇಟ್ಟೆ. ಬೆಳಿಗ್ಗೆ ಅವರು ಕಿಟಕಿ ನೋಡಿದರು, ಶೆಲ್ಫ್ ನೋಡಿದರು. ಅಷ್ಟು ಲೋಟಗಳಲ್ಲಿ ತಮ್ಮದನ್ನೇ ಹುಡುಕಿ ತೆಗೆದುಕೊಂಡರು. ಕುಡಿದು, ತೊಳೆದು, ಮತ್ತೆ ಕಿಟಕಿ ಮೇಲೆ ಇಟ್ಟು ಹೋದರು.

ಮೂರು ವರ್ಷ ನಾನು ಕಲಿಸಿದ್ದು ಒಂದು ರಾತ್ರಿಗೆ ಹೋಗುತ್ತಾ? ಕಂಪನಿಗೆ ನನ್ನ ಸರ್ಟಿಫಿಕೇಟ್ ಸಾಕು, ಅದು ನನ್ನ ಅಡುಗೆಮನೆಗೆ ಬರಲ್ಲ. ಗೌರಿ ಹಬ್ಬಕ್ಕೆ ಅವ್ವ ಬರ್ತಾಳೆ. ಅವಳಿಗೆ ಹೇಳೋಕೆ ಈಗಿಂದಲೇ ಮಾತು ಹುಡುಕ್ತಾ ಇದ್ದೀನಿ. ಲೋಟ ಮಾತ್ರ ದಿನಾ ಶೆಲ್ಫಿಗೆ ತಂದಿಡ್ತಾ ಇದ್ದೀನಿ.