ದಮ್ಮು

ನಮ್ಮ ಚಿಕ್ಕೋಡಿ, ನಿಪ್ಪಾಣಿಯ ಸೀಮೆಯಲ್ಲಿ ‘ದಮ್ಮು’ ಎಂಬ ಮಾತಿಗೆ ಬಿಡುವೆಂಬುದೇ ಇಲ್ಲ. ಗರಡಿಯಲ್ಲಿ ಸೆಣಸುವ ಪೈಲವಾನನಿಗೆ ದಮ್ಮಿರಬೇಕು. ಊರ ಗೌಡನೆದುರು ನಿಂತು ಮಾತನಾಡುವವನಿಗೂ ದಮ್ಮಿರಬೇಕು. ನಿಪ್ಪಾಣಿಯ ತಂಬಾಕಿನ ಬೀಡಿ ಹಚ್ಚಿದವನು ಒಂದು ದಮ್ಮು ಎಳೆಯುತ್ತಾನೆ. ಹಾಗೆ ಎಳೆದೆಳೆದು ಮುಪ್ಪಿನಲ್ಲಿ ಅದೇ ದಮ್ಮು ರೋಗವಾಗಿ ಅವನ ಎದೆಯನ್ನು ಹಿಡಿಯುತ್ತದೆ. ಉಸಿರು, ಕಸುವು, ಎದೆಗಾರಿಕೆ, ಹೊಗೆ, ಬೇನೆ—ಈ ಐದಕ್ಕೂ ಒಂದೇ ಹೆಸರು. ಆರನೆಯ ಅರ್ಥವನ್ನು ಕೂಡಿಸಿದವರು ಮೋಟಾರು ಮಿಸ್ತ್ರಿಗಳು. “ಗಾಡಿಗಿ ದಮ್ಮಿಲ್ರೀ” ಎಂದು ಅವರು ಹೇಳುವಾಗ ಅದು ಬರಿಯ ಅಲಂಕಾರದ ಮಾತಲ್ಲ, ಅಪ್ಪಟ ಶಾಸ್ತ್ರ.

ಈ ಶಾಸ್ತ್ರವನ್ನು ನಾನು ವಿಚಾರಿಸಬೇಕಾದುದು ನನ್ನ ಅಣ್ಣನ ಮಗನ ದೆಸೆಯಿಂದ. ಅವನು ಮೂರು ವರ್ಷದ ಉಳಿತಾಯವನ್ನು ಸುರಿದು ಗೋವೆಯಿಂದ ಒಂದು ಹಳೆಯ ಸ್ಯಾನ್ ಸ್ಟಾರ್ಮ್ ಕಾರನ್ನು ಕೊಂಡು ತಂದನು. ಬೆಂಗಳೂರಿನ ಸಂಸ್ಥೆಯೊಂದು 1990ರ ದಶಕದ ಕೊನೆಯಲ್ಲಿ ಹೊರತಂದ ಪುಟ್ಟ ಸ್ಪೋರ್ಟ್ಸ್ ಕಾರು ಅದು. ಎರಡೇ ಆಸನ, ಫೈಬರ್ ಗ್ಲಾಸಿನ ಮೈ, ಒಳಗೆ ಫ್ರಾನ್ಸಿನ ರೆನೋ ಕಂಪನಿಯ 1149 ಸಿ.ಸಿ. ಎಂಜಿನ್, ಸುಮಾರು 60 ಅಶ್ವಶಕ್ತಿ. ಈಗ ಅದರ ತಯಾರಿಕೆ ನಿಂತುಹೋಗಿದೆ. ಊರಿಗೆ ಬಂದ ವಾರದೊಳಗೇ ಅವನ ದೂರು ಆರಂಭವಾಯಿತು.

“ಕಾಕಾ, ಗೋವಾದಾಗ ಓಡಿಧಂಗ ಇಲ್ಲಿ ಓಡವಲ್ದು. ಇದರ ಫಿಲ್ಟರ್ ಡಬ್ಬಿ ಕಿತ್ತು ಒಗದು ದೊಡ್ಡ ಪೈಪು ಹಾಕಸ್ತೀನಿ.”

ಅವನ ತರ್ಕದಲ್ಲಿ ಹುರುಳಿಲ್ಲದೆ ಇರಲಿಲ್ಲ. ಎಂಜಿನ್ನು ಪೆಟ್ರೋಲು ಕುಡಿದು ಓಡುತ್ತದೆಂದು ನಾವೆಲ್ಲ ತಿಳಿದಿದ್ದೇವೆ. ನಿಜವಾಗಿ ಅದು ಹೆಚ್ಚಾಗಿ ಕುಡಿಯುವುದು ಗಾಳಿಯನ್ನು. ಒಂದು ಲೀಟರ್ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 11 ಕಿಲೋ ಗಾಳಿ, ಎಂದರೆ 9,000 ಲೀಟರಿನಷ್ಟು ಗಾಳಿ ಬೇಕು. ನಿಮಿಷಕ್ಕೆ 5,000 ಸುತ್ತು ತಿರುಗುವಾಗ ಈ ಪುಟ್ಟ ಎಂಜಿನ್ನು ಸುಮಾರು 2,500 ಲೀಟರ್ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಸುಮ್ಮನೆ ಕುಳಿತ ಮನುಷ್ಯನಿಗೆ ನಿಮಿಷಕ್ಕೆ ಏಳೆಂಟು ಲೀಟರ್ ಸಾಕು. ಲೆಕ್ಕ ಹಾಕಿದರೆ, ಒಂದು ಮದುವೆಯ ಮಂಟಪದಲ್ಲಿ ಕುಳಿತ ಮುನ್ನೂರು ಜನರ ಉಸಿರು ಆ ಒಂದು ಕಾರಿನ ಮೂಗಿನಲ್ಲಿ! ಅದೂ ಎಷ್ಟು ಅವಸರದಲ್ಲಿ? ಒಂದೊಂದು ಉಸಿರಿಗೆ ದೊರೆಯುವ ಸಮಯ ಸೆಕೆಂಡಿನ 160ರಲ್ಲಿ ಒಂದು ಪಾಲು. ಹಾದಿಯಲ್ಲಿ ಎಲ್ಲಿಯೇ ಬಿಗಿಯಾದರೂ ಉಸಿರು ಕುಗ್ಗುತ್ತದೆ, ಬಲವೂ ಕುಗ್ಗುತ್ತದೆ.

ಗೋವೆಯಲ್ಲಿ ಇದ್ದ ದಮ್ಮು ಚಿಕ್ಕೋಡಿಯಲ್ಲಿ ಇಲ್ಲದಿರುವುದಕ್ಕೂ ಕಾರಣವುಂಟು. ಗೋವೆಯದು ಕಡಲ ಮಟ್ಟ. ನಮ್ಮದು ಘಟ್ಟ ಹತ್ತಿ ಬಂದ, ಸುಮಾರು 600 ಮೀಟರ್ ಎತ್ತರದ ನೆಲ. ಪ್ರತಿ ನೂರು ಮೀಟರಿಗೆ ಗಾಳಿ ನೂರಕ್ಕೆ ಒಂದರಷ್ಟು ತೆಳುವಾಗುತ್ತದೆ. ಹೀಗೆ ಮೂರು ನಾಲ್ಕು ಕುದುರೆಗಳು ಘಟ್ಟದ ಕೆಳಗೇ ಉಳಿದುಬಿಟ್ಟವು!

ಅವುಗಳನ್ನು ಮರಳಿ ತರಲು ಅವನು ಬಯಸಿದುದು ತೆರೆದ ಶಂಕುವಿನಾಕಾರದ ಫಿಲ್ಟರು, ಅಗಲವಾದ ಕೊಳವೆ. ಹಾಕಿಸಿದರೆ ಗರ್ಜನೆ ಹೆಚ್ಚುತ್ತದೆ. ಕಿವಿಗೆ ಕೇಳಿದ್ದನ್ನು ಬಲವೆಂದೇ ಮನಸ್ಸು ನಂಬುತ್ತದೆ. ಆದರೆ ಬಾನೆಟ್ಟಿನ ಒಳಗೆ ಬಾಯಿ ತೆರೆದ ಕೊಳವೆ ಎಳೆಯುವುದು ಎಂಜಿನ್ನಿನ ಬಿಸಿಗಾಳಿಯನ್ನೇ. ಗಾಳಿಯ ಉಷ್ಣತೆ ಮೂರು ಡಿಗ್ರಿ ಏರಿದರೆ ಅದರ ಸಾಂದ್ರತೆ ನೂರಕ್ಕೆ ಒಂದರಷ್ಟು ಇಳಿಯುತ್ತದೆ. ಮೂವತ್ತು ಡಿಗ್ರಿ ಏರಿದರೆ, ಬಾಯಿ ಅಗಲಿಸಿ ಗಳಿಸಿದ್ದನ್ನು ಬಿಸಿ ನುಂಗಿ ಇನ್ನೂ ಸಾಲ ಹೊರಿಸುತ್ತದೆ. ಕೊಳವೆಯ ಉದ್ದಕ್ಕೂ ಒಂದು ಲೆಕ್ಕವಿದೆ: ನೀಳವಾದುದು ನಿಧಾನದ ಓಟಕ್ಕೆ ಎಳೆತ ಕೊಡುತ್ತದೆ, ಗಿಡ್ಡವಾದುದು ವೇಗದ ಓಟಕ್ಕೆ. ಕೊಳಲಿನ ಸ್ವರದಂತೆ ಇದೂ ಅಳತೆಯ ವಿದ್ಯೆ.

ಉಸಿರನ್ನು ಬಲವಂತದಿಂದ ತುರುಕುವ ಉಪಾಯವೂ ಹಳೆಯದೇ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬಾತನು ಎಂಜಿನ್ನಿನ ಹೊಗೆಯಿಂದಲೇ ಚಕ್ರ ತಿರುಗಿಸಿ ಗಾಳಿಯನ್ನು ಒಳಕ್ಕೆ ಒತ್ತುವ ಉಪಾಯಕ್ಕೆ 1905ರಲ್ಲಿ ಪೇಟೆಂಟು ಪಡೆದನು. ಇಂದು ನಿಪ್ಪಾಣಿಯ ಬಳಿ ತವಂದಿ ಘಾಟು ಏರುವ ಲಾರಿಗಳಿಂದ ಕೇಳುವ ಸಿಳ್ಳು ಅದರದೇ. ಆದರೆ ಅಂಥ ಎಂಜಿನ್ನನ್ನು ಮೊದಲಿನಿಂದಲೇ ಆ ಒತ್ತಡಕ್ಕೆ ತಕ್ಕಂತೆ ಕಟ್ಟಿರುತ್ತಾರೆ. ಇಂಗ್ಲೆಂಡಿನ ಡಬ್ಲ್ಯು. ಓ. ಬೆಂಟ್ಲಿಗೆ ತನ್ನ ಕಾರುಗಳಿಗೆ ಗಾಳಿ ಒತ್ತುವ ಯಂತ್ರ ಕಟ್ಟುವುದು ಹಿಡಿಸಲಿಲ್ಲ. ಬರ್ಕಿನ್ ಎಂಬ ಪಂದ್ಯಗಾರ ಹಟ ಹಿಡಿದು ಕಟ್ಟಿಸಿದನು. 1930ರಲ್ಲಿ ಫ್ರಾನ್ಸಿನ ಲ ಮಾನ್ ಊರಿನ 24 ಗಂಟೆಗಳ ಪಂದ್ಯದಲ್ಲಿ ಆ ಕಾರುಗಳು ಮಿಂಚಿನಂತೆ ಓಡಿ ನಡುವೆಯೇ ನಿಂತವು. ಗೆದ್ದುದು ತನ್ನ ಪಾಡಿಗೆ ಉಸಿರಾಡುತ್ತಿದ್ದ ಬೆಂಟ್ಲಿಯದೇ ಇನ್ನೊಂದು ಕಾರು.

ಇಷ್ಟೆಲ್ಲ ನಾನು ಹೇಳಿದರೂ ಹುಡುಗನ ಮುಖ ಅರಳಲಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸಕೂಡದೆಂದೂ, 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನೇ ಎತ್ತಿಹಿಡಿದಿದೆಯೆಂದೂ ಹೇಳಿದೆ. ಇಪ್ಪತ್ತಾರರ ವಯಸ್ಸಿಗೆ ಕಲಮುಗಳು ಎಲ್ಲಿ ತಟ್ಟುತ್ತವೆ? ಅವನನ್ನು ಒಲಿಸಿದವನು ನಿಪ್ಪಾಣಿಯ ಮುದಿ ಮಿಸ್ತ್ರಿ.

“ಬಾಯಿ ತಗದ್ರ ಗಾಳಿ ಒಂದ ಬರೂದಿಲ್ಲ ತಮ್ಮಾ, ಧೂಳೂ ಬರತೈತಿ. ನೀ ಓಡಾಡೂ ಹಾದಿ ಯಾವುದು?”

ಅವನ ಉದ್ಯೋಗದ ಹಾದಿ ಚಿಕ್ಕೋಡಿಯಿಂದ ರಾಯಬಾಗ, ಅಥಣಿ, ಕಾಗವಾಡ. ಕಬ್ಬಿನ ಹಂಗಾಮಿನಲ್ಲಿ ಆ ಹಾದಿಗಳನ್ನು ಕಂಡವರಿಗೆ ವಿವರಣೆ ಬೇಡ. ಉಗಾರದ ಕಡೆಗೆ ಎರಡೆರಡು ಟ್ರೇಲರ್ ಎಳೆದು ಸಾಗುವ ಟ್ರ್ಯಾಕ್ಟರುಗಳ ಹಿಂದೆ ಕರಿಮಣ್ಣಿನ ಧೂಳು. ಅತ್ತ ಇತ್ತ ಹೊಲಗಳಲ್ಲಿ ಸುಡುವ ರವದಿಯ ಬೂದಿ. ಅದಕ್ಕೆಂದೇ ಹಳೆಯ ಟ್ರ್ಯಾಕ್ಟರು ತನ್ನ ಮೂಗನ್ನು ಬಾನೆಟ್ಟಿನ ಮೇಲಕ್ಕೆ ಎತ್ತಿಕೊಂಡಿರುತ್ತದೆ. ಎಳೆದ ಗಾಳಿಯನ್ನು ಎಣ್ಣೆಯ ಬಟ್ಟಲಿನ ಮೇಲೆ ಹಾಯಿಸಿ ಧೂಳನ್ನು ಅಲ್ಲಿಯೇ ಕೆಡವುತ್ತದೆ. ಎಣ್ಣೆ ಕೆಸರಾದ ಕೂಡಲೇ ಬದಲಿಸುವ ರೈತನಿಗೆ ಎಂಜಿನ್ನಿನ ಆಯುಷ್ಯ ಗೊತ್ತು. ಸೋಸದ ಧೂಳು ಒಳಹೊಕ್ಕರೆ ಉಸುಕಿನ ಕಾಗದ ಉಜ್ಜಿದಂತೆ ರಿಂಗು, ಸಿಲಿಂಡರುಗಳು ಸವೆಯುತ್ತವೆ. ಆಮೇಲೆ ಎಂಜಿನ್ನು ಎಣ್ಣೆಯನ್ನೇ ಸುಡತೊಡಗುತ್ತದೆ. ತಯಾರಿಕೆಯೇ ನಿಂತ ಕಾರಿಗೆ ಬಿಡಿಭಾಗ ಹುಡುಕುತ್ತ ಎಲ್ಲಿಗೆ ಹೋಗುವುದು? ಮೂರು ವರ್ಷದ ಉಳಿತಾಯ ಹೊಗೆಯಾಗಿ ಹೋಗುತ್ತಿತ್ತು.

ಮಿಸ್ತ್ರಿ ಡಬ್ಬಿಯನ್ನು ಬಿಚ್ಚಿದನು. ಒಳಗಿನ ಕಾಗದದ ಫಿಲ್ಟರು ಕಪ್ಪುಗಟ್ಟಿ ಕುಳಿತಿತ್ತು. ಹೊರಗಿನ ತಣ್ಣನೆಯ ಗಾಳಿ ತರುವ ರಬ್ಬರಿನ ಕೊಳವೆ ಸೀಳಿಹೋಗಿ, ಎಂಜಿನ್ನು ತನ್ನದೇ ಬಿಸಿಯನ್ನು ಉಸಿರಾಡುತ್ತಿತ್ತು. ಹೊಸ ಫಿಲ್ಟರು, ಹೊಸ ಕೊಳವೆ, ಜೋಡಣೆಗೆ ಬಿಗಿಯಾದ ಕ್ಲಿಪ್ಪು—ಒಂದು ಮಧ್ಯಾಹ್ನದ ಕೆಲಸ. ಘಟ್ಟದ ಕೆಳಗಿನ ಕುದುರೆಗಳು ಅಲ್ಲಿಯೇ ಉಳಿದರೂ, ದಾರಿಯಲ್ಲಿ ಕಟ್ಟಿಹಾಕಿದ್ದವು ಬಿಡಿಸಿಕೊಂಡು ಬಂದವು. ಹುಡುಗ ಸ್ತವನಿಧಿಯವರೆಗೆ ಹೋಗಿಬಂದು, “ಎಳೀತೈತಿ ಕಾಕಾ” ಎಂದನು.

ಹಂಗಾಮು ಮುಗಿದ ಮೇಲೆ ಅವನೇ ಆ ಡಬ್ಬಿಯನ್ನು ತೆರೆದು ಫಿಲ್ಟರನ್ನು ಅಂಗಳದಲ್ಲಿ ಕೊಡವಿದನು. ಹಾಸಿದ ಪತ್ರಿಕೆಯ ಮೇಲೆ ಒಂದು ಮುಷ್ಟಿ ಕರಿಮಣ್ಣು ಬಿದ್ದಿತು. ನಡುವೆ ರವದಿಯ ಬೂದಿಯ ಎಳೆಗಳು. ಅವನು ಬಹಳ ಹೊತ್ತು ಅದನ್ನು ಬೆರಳಿನಿಂದ ಕೆದಕುತ್ತ ಕುಳಿತಿದ್ದನು. ತೆರೆದ ಫಿಲ್ಟರಿನ ಮಾತನ್ನು ಆಮೇಲೆ ಎತ್ತಲಿಲ್ಲ.